ಕಳಚಿದೆ

“ಗುರುಗಳೇ, ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲದಿದ್ದರೆ ಅದು ಸತ್ಯವೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಈ ಶಿಷ್ಯನ ಅಕ್ಕ ಊರಿನಿಂದ ಬಂದಿದ್ದಳು. ಅವಳ ಮಗಳಿಗೆ ಮದುವೆ ಗೊತ್ತಾಗಿತ್ತು. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಎಂದರೆ ಇವನೊಬ್ಬನೇ. “ಹುಣ್ಣಿಮೆ ಕಳೆಯುವವರೆಗೆ ಆಶ್ರಮದ ಗಡಿ ದಾಟುವುದಿಲ್ಲವೆಂದು ವ್ರತ ಹಿಡಿದಿದ್ದೇನೆ, ಅಕ್ಕಾ” ಎಂದು ಇವನು ಹೇಳಿದ್ದ. ಮದುವೆ ಹುಣ್ಣಿಮೆಗಿಂತ ಮೊದಲೇ ಇತ್ತು. ಅಕ್ಕ ಹೊರಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು, ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ, ಎದ್ದು ಹೋಗಿದ್ದಳು. ಗುರುಗಳು ಅದನ್ನು ಕಂಡಿದ್ದರು. ಈಗ ಆ ಮಾತೆತ್ತಲಿಲ್ಲ.

“ಒಬ್ಬ ರೈತನಿದ್ದ” ಎಂದು ಆರಂಭಿಸಿದರು.

ಆ ರೈತನ ತಂದೆಯ ಕಾಲದಲ್ಲಿ ಊರಿಗೆ ಮೊದಲ ಟ್ರ್ಯಾಕ್ಟರ್ ಬಂತು. ಅದು ಎರೆಮಣ್ಣಿನ ಊರು. ಮಳೆ ಹಿಡಿದರೆ ಊರಿಗೂ ಡಾಂಬರು ರಸ್ತೆಗೂ ನಡುವಿನ ದಾರಿ ಕಲಸಿದ ಹಿಟ್ಟಿನಂತಾಗುತ್ತಿತ್ತು. ಎತ್ತಿನ ಕಾಲು ಹೂಳುತ್ತಿತ್ತು, ಬಂಡಿಯ ಚಕ್ರ ಹೂಳುತ್ತಿತ್ತು. ಆ ಕೆಸರನ್ನು ಸೀಳಿಕೊಂಡು ಹೋಗಬಲ್ಲದ್ದು ಟ್ರ್ಯಾಕ್ಟರ್ ಒಂದೇ. ಪೂಜೆಯ ದಿನ ತಂದೆ ಅದರ ಹಿಂದಿನ ಗಾಲಿಯ ಮುಂದೆ ತೆಂಗಿನಕಾಯಿ ಒಡೆದು, ನೆರೆದ ಊರಿನ ಎದುರು ಒಂದು ಮಾತು ಕೊಟ್ಟ.

“ಇದರ ಗಾಲಿ ಉರುಳ್ತಾ ಇರೋವರೆಗೆ, ಈ ಊರಿನ ಯಾರಿಗೂ ನನ್ನ ಮನೆಯಿಂದ ಇಲ್ಲ ಅನ್ನೋ ಮಾತು ಬರೋದಿಲ್ಲ.”

ಆ ಮಾತನ್ನು ನಂಬಿ ಊರಿನಲ್ಲಿ ಬೇರೆ ಯಾರೂ ಟ್ರ್ಯಾಕ್ಟರ್ ಕೊಳ್ಳಲಿಲ್ಲ. ತಂದೆ ಬದುಕಿರುವಷ್ಟು ಕಾಲ ಅದು ಯಾರ ಹೊಲದಲ್ಲಿದೆ ಎಂದು ಮನೆಯವರೇ ಊರಿನವರನ್ನು ಕೇಳಬೇಕಾಗಿತ್ತು. ತಂದೆ ಸತ್ತ. ಟ್ರ್ಯಾಕ್ಟರ್ ಮಗನ ಪಾಲಿಗೆ ಬಂತು. ಅದರ ಜೊತೆಗೆ ಆ ಮಾತೂ ಬಂತು.

ಮಗ ಸತ್ಯವಂತನೆಂದು ಹೆಸರಾದವನು. ಬದುವಿನ ಜಗಳದಲ್ಲಿ ಅವನು ಕಂಡದ್ದನ್ನು ಹೇಳಿದರೆ ಸಾಕಾಗಿತ್ತು, ಯಾರೂ ಆಣೆ ಕೇಳುತ್ತಿರಲಿಲ್ಲ. ಮಾತನ್ನು ಅವನು ತೂಗಿ ಆಡುತ್ತಿದ್ದ. ‘ಊರಿಗೆಲ್ಲ ಮಳೆ ಬಂತು’ ಎಂದು ಯಾರಾದರೂ ಅಂದರೆ, ‘ನನ್ನ ಹೊಲಕ್ಕೆ ಬಂತು, ಊರಿನ ವಿಷಯ ನಾನು ನೋಡಿಲ್ಲ’ ಎನ್ನುತ್ತಿದ್ದ. ‘ಮನೆಯಲ್ಲಿ ಎಲ್ಲ ಕ್ಷೇಮವೇ?’ ಎಂದು ನೆಂಟರು ಕೇಳಿದರೆ, ‘ಎಮ್ಮೆಯೊಂದನ್ನು ಬಿಟ್ಟು ಎಲ್ಲ ಕ್ಷೇಮ’ ಎನ್ನುತ್ತಿದ್ದ. ಜನ ನಗುತ್ತಿದ್ದರು. ನಗುತ್ತಲೇ ಗೌರವಿಸುತ್ತಿದ್ದರು. ಆ ಗೌರವದ ರುಚಿ ಅವನಿಗೆ ಗೊತ್ತಿತ್ತು.

ಆದರೆ ತಂದೆಯ ಕೊಡುಗೈ ಅವನಿಗೆ ಬಂದಿರಲಿಲ್ಲ. ಎರವಲು ಹೋದ ಟ್ರ್ಯಾಕ್ಟರ್ ಕೆಸರು ಮೆತ್ತಿಕೊಂಡು ಬರುತ್ತಿತ್ತು. ಒಬ್ಬ ಸೀಟು ಹರಿದ, ಇನ್ನೊಬ್ಬ ದೀಪ ಒಡೆದ. ಯಂತ್ರ ಹಳೆಯದಾಗುತ್ತಿತ್ತು, ಬಿಡಿಭಾಗಗಳು ಪೇಟೆಯಲ್ಲಿ ಸಿಗುವುದೂ ಕಡಿಮೆಯಾಗುತ್ತಿತ್ತು. ಪ್ರತಿ ಸಲ ಕೀಲಿ ಕೊಡುವ ಮೊದಲು ಅವನು ಯಂತ್ರವನ್ನು ಒಂದು ಸುತ್ತು ಬಂದು ನೋಡುತ್ತಿದ್ದ. ‘ಕೊಡುವುದಿಲ್ಲ’ ಎಂದರೆ ತಂದೆಯ ಮಾತು ಮುರಿಯುತ್ತಿತ್ತು. ‘ಕೆಟ್ಟಿದೆ’ ಎಂದರೆ ತನ್ನ ಹೆಸರು ಮುರಿಯುತ್ತಿತ್ತು. ಆದ್ದರಿಂದ ಕೊಡುತ್ತಿದ್ದ.

ಒಂದು ವರ್ಷ, ಅವನ ಬಿತ್ತನೆ ಮುಗಿದ ಮಾರನೆಯ ದಿನ, ಬ್ರೇಕು ಹಿಡಿಯುವುದು ನಿಂತಿತು. ಗಾಲಿಯನ್ನು ಹೊತ್ತು ತಿರುಗುವ ಹಿಂದಿನ ಅಚ್ಚಿನಲ್ಲಿ ಎಣ್ಣೆ ತಡೆಯುವ ಸೀಲು ಸವೆದು, ಎಣ್ಣೆ ಬ್ರೇಕಿನೊಳಗೆ ಇಳಿಯುತ್ತಿತ್ತು. ಪೇಟೆಯಿಂದ ಒಬ್ಬ ಮೆಕ್ಯಾನಿಕ್ ಬಂದ. ರೈತ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅವನು ಹೇಳಿದಂತೆ ತಾನೇ ಒಂದೊಂದನ್ನೂ ಬಿಚ್ಚಿದ. ಮೊದಲು ಮುಂದಿನ ಅಚ್ಚಿಗೂ ಎಂಜಿನ್ನಿಗೂ ನಡುವೆ ಎರಡೂ ಕಡೆ ಮರದ ಬೆಣೆ ಬಡಿಯಬೇಕು, ಇಲ್ಲದಿದ್ದರೆ ಮೈ ಒಂದು ಪಕ್ಕಕ್ಕೆ ಹೊರಳುತ್ತದೆ. ಜಾಕಿನಿಂದ ಹಿಂಭಾಗವನ್ನು ಎತ್ತಿ, ಹೊಟ್ಟೆಯ ಕೆಳಗೆ ಕಲ್ಲು ಕೊಡಬೇಕು. ಎಣ್ಣೆಯನ್ನು ಬೋಗುಣಿಗೆ ಇಳಿಸಬೇಕು. ಗಾಲಿ ಕಳಚಿ ಉರುಳಿಸಿ ಗೋಡೆಗೆ ಒರಗಿಸಬೇಕು. ಆಮೇಲೆ ಸುತ್ತಲಿನ ನಟ್ಟುಗಳನ್ನು ಬಿಚ್ಚಿ, ಅಚ್ಚನ್ನು ಅದರ ಕಹಳೆಯಂಥ ಕವಚದ ಸಮೇತ, ಓರೆಯಾಗದಂತೆ, ನೇರವಾಗಿ ಎಳೆಯಬೇಕು. ಎಡಕ್ಕೊಂದು, ಬಲಕ್ಕೊಂದು. ಎರಡೂ ಹೊಟ್ಟೆಯೊಳಗೆ ತಲೆಗೆ ತಲೆ ಕೊಟ್ಟು ನಿಂತಿರುತ್ತವೆ. ಅವುಗಳ ಬುಡದಲ್ಲಿ ಕಾಗದದಷ್ಟು ತೆಳ್ಳಗಿನ ತಗಡಿನ ಬಳೆಗಳಿರುತ್ತವೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಬೆರೆತರೆ ಗಾಲಿ ಬಿಗಿಯುತ್ತದೆ, ಇಲ್ಲವೇ ಅಲ್ಲಾಡುತ್ತದೆ.

“ಬಿಚ್ಚೋದು ಅರ್ಧ ದಿನ, ಕೂಡಿಸೋದು ಎರಡು ದಿನ” ಎಂದ ಮೆಕ್ಯಾನಿಕ್. “ತಗಡು ಕೂಡಿಸುವಾಗ ಅವಸರ ಮಾಡಿದರೆ ಮತ್ತೆ ಮೊದಲಿಂದ.” ಹೊಸ ಸೀಲು ತರಲು ಅವನು ಪೇಟೆಗೆ ಹೋದ.

ಟ್ರ್ಯಾಕ್ಟರ್ ಕಲ್ಲಿನ ಮೇಲೆ ಕುಳಿತಿದ್ದಾಗ ನೆರೆಮನೆಯವನು ಬಂದ. ಅವನ ಬಿತ್ತನೆ ಇನ್ನೂ ಬಾಕಿ ಇತ್ತು.

“ಅಣ್ಣಾ, ಗಾಡಿ ಬೇಕಾಗಿತ್ತು.”

“ಅಚ್ಚು ಕಳಚಿದೆ, ತಮ್ಮಾ” ಎಂದ ರೈತ.

ಆ ಮಾತಿಗೆ ಎರಡು ಅರ್ಥ. ಅಚ್ಚು ತಾನಾಗಿ ಕಳಚಿಕೊಂಡಿದೆ ಎಂದೂ ಆಗುತ್ತದೆ, ಅಚ್ಚನ್ನು ನಾನು ಕಳಚಿದೆ ಎಂದೂ ಆಗುತ್ತದೆ. ರೈತ ಹೇಳಿದ್ದು ಎರಡನೆಯದನ್ನು. ನೆರೆಯವನು ಕೇಳಿಸಿಕೊಂಡದ್ದು ಮೊದಲನೆಯದನ್ನು.

“ಅಯ್ಯೋ ಪಾಪ, ಬಿತ್ತನೆ ಹೊತ್ತಿನಲ್ಲೇ ಕಳಚಬೇಕೇ!” ಎಂದು ಅವನು ಮರುಗಿದ. ಸಂಜೆ ತನ್ನ ಮನೆಯಿಂದ ಒಂದು ತಂಬಿಗೆ ಹಾಲು ಕಳಿಸಿದ. ರೈತ ಆ ಹಾಲನ್ನು ಕುಡಿಯುತ್ತ ಯೋಚಿಸಿದ. ಕೊಟ್ಟಿರಲಿಲ್ಲ. ಇಲ್ಲ ಎಂದೂ ಅಂದಿರಲಿಲ್ಲ. ಸುಳ್ಳನ್ನಂತೂ ಆಡಿಯೇ ಇರಲಿಲ್ಲ. ಗಾಲಿ ಉರುಳುತ್ತಿರಲಿಲ್ಲವಾದ್ದರಿಂದ ತಂದೆಯ ಮಾತೂ ಅಲ್ಲಿಗೆ ನಿಂತಿತ್ತು. ಮೇಲೆ ಒಂದು ತಂಬಿಗೆ ಹಾಲು ಬಂದಿತ್ತು.

ಮರುವರ್ಷ ಸೀಲು ಸರಿಯಾಗಿಯೇ ಇತ್ತು. ತನ್ನ ಹೊಲದ ಬಿತ್ತನೆ ಮುಗಿದ ಕೂಡಲೇ ಅವನು ಟ್ರ್ಯಾಕ್ಟರನ್ನು ಕೊಟ್ಟಿಗೆಗೆ ತಂದು, ಬೆಣೆ ಬಡಿದು, ಜಾಕು ಕೊಟ್ಟು, ಎರಡೂ ಅಚ್ಚುಗಳನ್ನು ಹೊರಗೆಳೆದ. ಬೋಗುಣಿ ಹಿಡಿದವಳು ಹೆಂಡತಿ.

“ಕೆಟ್ಟಿದೆ ಅಂತ ಒಂದು ಮಾತು ಅಂದರೆ ಮುಗಿಯುತ್ತಿತ್ತು” ಎಂದಳು ಅವಳು. “ಬೇರೆಯವರ ಸುಳ್ಳು ನಾಲಿಗೆಯ ಮೇಲೆ ಕೂರುತ್ತೆ. ನಿಮ್ಮ ಸತ್ಯಕ್ಕೆ ಜಾಕು ಬೇಕು, ಸ್ಪ್ಯಾನರ್ ಬೇಕು, ಬೋಗುಣಿ ಹಿಡಿಯೋಕೆ ನಾನು ಬೇಕು.”

“ನಾನು ಸುಳ್ಳಾಡುವುದಿಲ್ಲ” ಎಂದ ರೈತ.

“ನಿಜ. ನಿಮಗೆ ಅದು ಬಹಳ ಸುಲಭವಾಗಿಬಿಡುತ್ತಿತ್ತು.”

ಅವನು ತಗಡಿನ ಬಳೆಗಳನ್ನು ಎಡ, ಬಲ ಬೇರೆ ಮಾಡಿ ಕಟ್ಟಿಟ್ಟ. ಆ ವರ್ಷ ಬಂದವರಿಗೆಲ್ಲ ‘ಅಚ್ಚು ಕಳಚಿದೆ’ ಎಂದ. ಬಂದವರೆಲ್ಲ ಕಲ್ಲಿನ ಮೇಲೆ ಕುಳಿತ ಟ್ರ್ಯಾಕ್ಟರನ್ನು ನೋಡಿ ಹಿಂದಿರುಗಿದರು. ಅದರ ಮುಂದಿನ ವರ್ಷವೂ ಹಾಗೆಯೇ ಆಯಿತು. ಆಮೇಲೆ ಅದು ಅವನ ಮನೆಯ ಬೇಸಾಯದ ಕೆಲಸಗಳಲ್ಲಿ ಒಂದಾಯಿತು. ಹರಗುವುದು, ಬಿತ್ತುವುದು, ಅಚ್ಚು ಕಳಚುವುದು.

ಒಂದೇ ಒಂದು ತೊಡಕು ಬಂತು. ನೆರೆಮನೆಯವನು ಒಳ್ಳೆಯವನು. ಒಂದು ದಿನ ಲುಂಗಿ ಎತ್ತಿಕಟ್ಟಿಕೊಂಡು ಬಂದೇಬಿಟ್ಟ. “ಅಚ್ಚು ಎಲ್ಲಿದೆ, ತೋರಿಸಣ್ಣಾ. ಇಬ್ಬರೂ ಸೇರಿ ಕೂಡಿಸೋಣ. ನೀನೊಬ್ಬನೇ ಎಷ್ಟು ಅಂತ ಗುದ್ದಾಡ್ತೀ?” ಆ ಸಲ ಹೇಗೋ ತಪ್ಪಿಸಿಕೊಂಡ ರೈತ, ಮರುವರ್ಷದಿಂದ ಅಚ್ಚುಗಳನ್ನು ಎಣ್ಣೆ ಹಚ್ಚಿದ ಗೋಣಿಯಲ್ಲಿ ಸುತ್ತಿ, ಹಿತ್ತಿಲ ಹಳೆಯ ಹಗೇವಿಗೆ ಇಳಿಸತೊಡಗಿದ. ಹಗೇವು ಎಂದರೆ ಕಾಳು ತುಂಬುವ ನೆಲದ ಗುಳಿ. ತಳದಲ್ಲಿ ಹಳೆಯ ಜೋಳ ಮುಗ್ಗಿ ಉಳಿದಿತ್ತು. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಅದರೊಳಗೆ ಏನಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆ ಊರಿನವರು ಪೇಟೆಗೆ ಹೋಗುವುದನ್ನು ಕೆಳಗೆ ಹೋಗುವುದು ಎನ್ನುತ್ತಿದ್ದರು. ನೆರೆಯವನು ಮತ್ತೆ ವಿಚಾರಿಸಿದಾಗ ರೈತ, “ಅಚ್ಚು ಕೆಳಗೆ ಹೋಗಿದೆ” ಎಂದ. ಅದೂ ಸುಳ್ಳಾಗಿರಲಿಲ್ಲ. ಒಳಗೆ ಬಂದು ಅದನ್ನು ಹೆಂಡತಿಗೆ ಹೇಳಿ, ನಗುವಳೇನೋ ಎಂದು ನೋಡಿದ. ಅವಳು ನಗಲಿಲ್ಲ.

ಒಂದು ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಅಚ್ಚುಗಳು ಹಗೇವಿನಲ್ಲಿದ್ದವು. ನೆರೆಮನೆಯವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಕಾಣಿಸಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಣಗಿದ ಸೂಲಗಿತ್ತಿ ಹೊರಗೆ ಬಂದು, “ಮಗು ಅಡ್ಡಲಾಗಿದೆ. ನನ್ನ ಕೈಯಲ್ಲಿ ಆಗೋದಲ್ಲ. ಈಗಲೇ ಆಸ್ಪತ್ರೆಗೆ ಒಯ್ದರೆ ಎರಡು ಜೀವ ಉಳಿದಾವು” ಎಂದಳು.

ನೆರೆಮನೆಯವನು ಮಳೆಯಲ್ಲಿ ಓಡಿ ಬಂದ. “ಅಣ್ಣಾ, ಗಾಡಿ ತೆಗಿ, ಮಗಳು...” ಎಂದವನು ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಟ್ರ್ಯಾಕ್ಟರ್ ಕಲ್ಲಿನ ಮೇಲಿತ್ತು. ಗಾಲಿಗಳು ಗೋಡೆಗೆ ಒರಗಿದ್ದವು. ಅವನು ಹಣೆ ಚಚ್ಚಿಕೊಂಡ. “ಮರೆತೇಬಿಟ್ಟಿದ್ದೆ. ಅಚ್ಚು ಕಳಚಿದೆ ಅಂದಿದ್ದೆಯಲ್ಲ” ಎಂದು ತಾನೇ ಹೇಳಿ, ತಿರುಗಿ ಓಡಿದ.

ರೈತ ಬಾಯಿ ತೆರೆಯುವ ಅಗತ್ಯವೇ ಬರಲಿಲ್ಲ.

ಅವನು ಹಿತ್ತಿಲಿಗೆ ಓಡಿದ. ಕೈಯಿಂದಲೇ ಮಣ್ಣು ಬಗೆದು, ಚಪ್ಪಡಿ ಸರಿಸಿ, ಹಗೇವಿಗೆ ಇಳಿಯಲು ಕಾಲಿಟ್ಟ. ಹೆಂಡತಿ ರಟ್ಟೆ ಹಿಡಿದು ನಿಲ್ಲಿಸಿದಳು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ತೆರೆದ ತಕ್ಷಣ ಇಳಿದವರು ಮೇಲೆ ಬರುವುದಿಲ್ಲ. ಅದು ಆ ಊರಿನ ಪ್ರತಿಯೊಬ್ಬರಿಗೂ ಗೊತ್ತು. ಅವಳು ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು. ಗುಳಿಯ ಕುತ್ತಿಗೆ ದಾಟುತ್ತಿದ್ದಂತೆ ದೀಪ ಆರಿತು.

ಎಳೆದು, ಹಚ್ಚಿ, ಮತ್ತೆ ಇಳಿಬಿಟ್ಟಳು. ಮತ್ತೆ ಆರಿತು.

ರೈತ ಹಗೇವಿನ ಬಾಯಲ್ಲಿ ಮೊಣಕಾಲೂರಿ ಕುಳಿತ. ಗಾಳಿ ತಿಳಿಯಾಗಬೇಕು. ಆಮೇಲೆ ಅಚ್ಚುಗಳನ್ನು ಮೇಲೆತ್ತಬೇಕು. ತಗಡು ಕೂಡಿಸಬೇಕು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ನಟ್ಟು ಬಿಗಿಯಬೇಕು, ಎಣ್ಣೆ ತುಂಬಬೇಕು, ಗಾಲಿ ಹಾಕಬೇಕು. ಆ ಕೆಲಸ ಎಷ್ಟು ಹೊತ್ತಿನದೆಂದು ಊರಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಬೇರೆ ಇರಲಿಲ್ಲ. ಕೊಡಬೇಕೆಂದು ಅವನಿಗೆ ಮನಸಾರೆ ಅನ್ನಿಸಿದ್ದು ಆ ದಿನವೇ. ಆ ದಿನ ನಿಜವಾಗಿಯೂ ಕೊಡಲು ಇರಲಿಲ್ಲ.

ಅವನು ಎದ್ದು ನೆರೆಮನೆಗೆ ಹೋದ. ಹುಡುಗಿಯನ್ನು ಮಂಚದ ಮೇಲೆ ಮಲಗಿಸಿ ಮೇಲೆ ತಾಡಪಾಲು ಕಟ್ಟಿದ್ದರು. ನಾಲ್ಕನೆಯ ಕಾಲಿಗೆ ಹೆಗಲು ಬೇಕಾಗಿತ್ತು. ರೈತ ಹೆಗಲು ಕೊಟ್ಟ.

ಕೆಸರು ಮೊಣಕಾಲಿನವರೆಗೆ ಬರುತ್ತಿತ್ತು. ಕಾಲು ಕಿತ್ತಿಡುವಷ್ಟರಲ್ಲಿ ಮಂಚ ವಾಲುತ್ತಿತ್ತು. ಹುಡುಗಿ ಮೊದಮೊದಲು ಚೀರುತ್ತಿದ್ದಳು. ಆಮೇಲೆ ನರಳುತ್ತಿದ್ದಳು. ಅವಳ ಬಾಯಿ ರೈತನ ಕಿವಿಯ ಹತ್ತಿರವೇ ಇತ್ತು. ಡಾಂಬರು ರಸ್ತೆಯ ಮರಗಳು ಕಾಣತೊಡಗಿದಾಗ ಅವನಿಗೆ ಏನೂ ಕೇಳಿಸಲಿಲ್ಲ. ಅವನು ಯಾರಿಗೂ ಹೇಳದೆ ಇನ್ನಷ್ಟು ದೂರ ನಡೆದ.

ಹುಡುಗಿಯ ತಂದೆಗೂ ಅದು ತಿಳಿಯಿತು. “ಇಳಿಸಿರಿ” ಎಂದ.

ಮಣ್ಣು ಮಾಡಿ ಬಂದ ಮೇಲೆ ಅವನು ರೈತನ ಎರಡೂ ಕೈ ಹಿಡಿದುಕೊಂಡ. “ನೀನು ಹೆಗಲು ಕೊಟ್ಟೆ. ಅದನ್ನು ಮರೆಯೋದಿಲ್ಲಣ್ಣಾ. ಗಾಡಿ ಒಂದು ನೆಟ್ಟಗಿದ್ದಿದ್ದರೆ ನೀನು ಉಳಿಸುತ್ತಿದ್ದೆ” ಎಂದ. ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ರೈತನೂ ತಲೆಯಾಡಿಸಿದ. ಅದರಲ್ಲಿಯೂ ಸುಳ್ಳಿರಲಿಲ್ಲ.

ಮಳೆ ನಿಂತ ಮೇಲೆ ಅವನು ಅಚ್ಚುಗಳನ್ನು ಮೇಲೆತ್ತಿ ಕೂಡಿಸಿದ. ಬೋಗುಣಿ ಹಿಡಿಯಲು ಹೆಂಡತಿ ಬರಲಿಲ್ಲ. ಆಮೇಲೆ ಅವನು ಎಂದೂ ಅಚ್ಚು ಕಳಚಲಿಲ್ಲ. ಮುಂದಿನ ಬಿತ್ತನೆಯ ಕಾಲಕ್ಕೆ ಟ್ರ್ಯಾಕ್ಟರನ್ನು ತೊಳೆದು, ಎಣ್ಣೆ ತುಂಬಿ, ಮನೆಯ ಮುಂದೆ ಬೀದಿಗೆ ಮುಖ ಮಾಡಿ ನಿಲ್ಲಿಸಿದ. ಯಾರೂ ಕೇಳಲು ಬರಲಿಲ್ಲ. ಹಳೆಯ ಗಾಡಿ, ಪದೇ ಪದೇ ಅಚ್ಚು ಕಳಚುತ್ತದೆ, ಆ ಸತ್ಯವಂತನನ್ನು ಯಾಕೆ ಪೇಚಿಗೆ ಸಿಕ್ಕಿಸುವುದು ಎಂದು ಊರು ತನ್ನೊಳಗೇ ಮಾತಾಡಿಕೊಂಡಿತ್ತು. ಹೊತ್ತು ಏರುವವರೆಗೂ ಅವನು ಎಂಜಿನ್ ಚಾಲೂ ಇಟ್ಟುಕೊಂಡು ಕುಳಿತಿರುತ್ತಿದ್ದ. ಇಲ್ಲ ಎನ್ನುವ ಮಾತು ಆ ಮನೆಯಿಂದ ಬರಲೇ ಇಲ್ಲ. ತಂದೆಯ ವಚನ ಹಾಗೆ ನಡೆಯಿತು.

ಒಂದು ಬೆಳಿಗ್ಗೆ ನೆರೆಮನೆಯವನು ಎತ್ತು ಹೊಡೆದುಕೊಂಡು, ಕೂರಿಗೆ ಹೊತ್ತುಕೊಂಡು ಆ ದಾರಿಯಲ್ಲಿ ಬಂದ. ರೈತ ಬೀದಿಗಿಳಿದು ಅವನನ್ನು ತಡೆದ.

“ತಮ್ಮಾ, ಗಾಡಿ ತಗೊಂಡು ಹೋಗು.”

“ಬೇಡಣ್ಣಾ. ನಡುಹೊಲದಲ್ಲಿ ಕಳಚಿಕೊಂಡರೆ ಮತ್ತೆ ನಿನಗೇ ಕಷ್ಟ. ಈ ಎತ್ತುಗಳಿಗೆ ಕಳಚೋಕೆ ಏನೂ ಇಲ್ಲ ನೋಡು” ಎಂದು ಅವನು ನಕ್ಕ. ಮಗಳು ಹೋದ ಮೇಲೆ ಅವನು ನಕ್ಕದ್ದನ್ನು ರೈತ ಕಂಡಿದ್ದು ಅದೇ ಮೊದಲು.

ರೈತ ಇನ್ನೂ ಹತ್ತಿರ ಬಂದ. ಕೂರಿಗೆಯ ಮರವನ್ನು ಹಿಡಿದುಕೊಂಡ.

“ಅವತ್ತು” ಎಂದ. “ಅವತ್ತು ಅಚ್ಚು... ಕಳಚಿದೆ.”

ಆ ಮಾತಿನಲ್ಲಿ ಎಲ್ಲವೂ ಇತ್ತು. ಅಷ್ಟು ಕಾಲವೂ ಅದೇ ಮಾತು ಆಡಿದ್ದ ಅವನು ಅದನ್ನು ತಪ್ಪೊಪ್ಪಿಗೆಯಾಗಿ ಆಡಿದ್ದು ಆ ಒಂದು ಸಲ.

ನೆರೆಯವನು ಅವನ ಬೆನ್ನು ಸವರಿದ. “ಗೊತ್ತಲ್ಲಣ್ಣಾ. ಅದನ್ನೇ ಇನ್ನೂ ಹಚ್ಚಿಕೊಂಡಿದ್ದೀಯಾ? ಕಬ್ಬಿಣ ಅದು. ಯಾವಾಗ ಕಳಚಬೇಕು, ಯಾವಾಗ ಕಳಚಬಾರದು ಅಂತ ಅದಕ್ಕೇನು ತಿಳೀತದೆ?” ಎಂದು, ಎತ್ತುಗಳನ್ನು ಹೊಡೆದುಕೊಂಡು ಮುಂದೆ ಹೋದ.

ಆ ಮಾತಿಗೆ ‘ನಾನು’ ಎಂದೊಂದು ಸೇರಿಸಿದ್ದರೆ ಸಾಕಾಗಿತ್ತು. ಸತ್ಯವಂತನೆಂದು ಹೆಸರಾದವನ ಬಾಯಿಗೆ ಆ ಎರಡಕ್ಷರ ಬರಲಿಲ್ಲ. ಕೂಗಿ ಕರೆಯಲು ಇನ್ನೂ ಹೊತ್ತಿತ್ತು. ಅವನು ಬೀದಿಯಲ್ಲಿ ನಿಂತೇ ಇದ್ದ. ಎತ್ತುಗಳು ತಿರುವು ದಾಟಿದವು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಬೇಸರದಿಂದ, “ಎಂಥ ಮನುಷ್ಯ, ಗುರುಗಳೇ! ಮಾತಿನಲ್ಲಿ ಸುಳ್ಳಿಲ್ಲ ಎಂದುಕೊಳ್ಳುತ್ತಲೇ ಬದುಕಿದನಲ್ಲ. ಅಚ್ಚನ್ನು ಕಳಚುವಾಗಲೇ ಅವನ ಮನಸ್ಸಿಗೆ ತಿಳಿದಿರಲಿಲ್ಲವೇ?” ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

“ಅಕ್ಕ ಬರುತ್ತಾಳೆಂಬ ಸುದ್ದಿ ನಿನಗೆ ತಲುಪಿದ್ದು ವ್ರತ ಹಿಡಿಯುವ ಮೊದಲೋ, ಹಿಡಿದ ಮೇಲೋ?”